ಖಡಕ್ ರೊಟ್ಟಿ ಮಾಡುವ ಸಂಘಕ್ಕೆ ಡಿಸೈನ್ ಸ್ಪ್ರಿಂಟ್ ಆಗಿಬರುತ್ತದಾ?

ನಿಮ್ಮದು ಗದಗದ ಮಹಿಳಾ ಸಂಘ. ಹುಬ್ಬಳ್ಳಿ ಅಂಗಡಿಗಳಿಗೆ ಖಡಕ್ ರೊಟ್ಟಿ ಕೊಡುತ್ತೀರಿ, ಮುರಿದ ರೊಟ್ಟಿ ವಾಪಸ್ ಬರುತ್ತಿವೆ, ಡಿಸೈನ್ ಸ್ಪ್ರಿಂಟ್ (ಐದು ದಿನದಲ್ಲಿ ಒಂದು ಸಮಸ್ಯೆಗೆ ಉಪಾಯ ಹುಡುಕಿ, ಗಿರಾಕಿಗಳ ಮುಂದಿಟ್ಟು ನೋಡುವ ಪದ್ಧತಿ) ಮಾಡಿದರೆ ದಾರಿ ಸಿಗುತ್ತದಾ ಅಂತ ಕೇಳಿದ್ದೀರಿ. ಸಿಗುತ್ತದೆ. ನಾನು ಧಾರವಾಡದ ಸುತ್ತಮುತ್ತ ಇಂಥ ಸಂಘಗಳ ಜೊತೆ ಕೆಲಸ ಮಾಡುತ್ತೇನೆ. ಆದರೆ ಅದನ್ನು ಇದ್ದಂತೆಯೇ ಮಾಡಲು ಹೋಗಬೇಡಿ.

ಜೇಕ್ ನ್ಯಾಪ್ ಅನ್ನುವವರು 2010ರಲ್ಲಿ ಗೂಗಲ್‌ನಲ್ಲಿ ಶುರು ಮಾಡಿದ ಪದ್ಧತಿ ಇದು. ಸೋಮವಾರ ಸಮಸ್ಯೆ ಬಿಡಿಸಿ ನೋಡುವುದು, ಮಂಗಳವಾರ ಉಪಾಯ ಹುಡುಕುವುದು, ಬುಧವಾರ ಒಂದನ್ನು ಆರಿಸುವುದು, ಗುರುವಾರ ನಮೂನೆ ಕಟ್ಟುವುದು, ಶುಕ್ರವಾರ ಐದು ಜನ ಗಿರಾಕಿಗಳ ಮುಂದಿಡುವುದು. ಮನೆ, ಹೊಲ, ದನ ಬಿಟ್ಟು ಐದು ದಿನ ಯಾರು ಕೂರುತ್ತಾರೆ? ವಾರಕ್ಕೊಂದು ಮಧ್ಯಾಹ್ನ ಅಂತ ಹಂಚಿಕೊಳ್ಳಿ. ಆ ಹೊತ್ತಿಗೂ ಕೂಲಿ ಕೊಡಿ, ಅದೂ ಕೆಲಸವೇ ಅಲ್ವಾ.

ಇದರಲ್ಲಿ ನನಗೆ ತುಂಬ ಹಿಡಿಸಿದ್ದು ಮಂಗಳವಾರ ಮಧ್ಯಾಹ್ನದ ನಿಯಮ. ಯಾರೂ ಮಾತಾಡುವಂತಿಲ್ಲ. ಒಬ್ಬೊಬ್ಬರೂ ತಮ್ಮ ಉಪಾಯವನ್ನು ಹಾಳೆ ಮೇಲೆ ಬಿಡಿಸಬೇಕು. ನಮ್ಮ ಸಂಘಗಳಲ್ಲಿ ಅಧ್ಯಕ್ಷರು ಮೊದಲು ಮಾತಾಡಿದರೆ ಉಳಿದವರು "ಹೌದ್ರೀ ಅಕ್ಕಾರ" ಅಂದುಬಿಡುತ್ತಾರೆ. ದಿನಾ ರೊಟ್ಟಿ ಬಡಿಯುವವರಿಗೆ ಗೊತ್ತಿರುವುದು ಹೊರಗೇ ಬರುವುದಿಲ್ಲ. ಬರೆಯಲು ಬಾರದವರು ಚಿತ್ರ ತೆಗೆಯಲಿ. ಹೆಸರಿಲ್ಲದೆ ಹಾಳೆಗಳನ್ನು ಗೋಡೆಗೆ ಅಂಟಿಸಿ. ವೋಟಿಗೆ ಒಂದು ಟಿಕಳಿ ಪಾಕೀಟು ಸಾಕು, ಮೆಚ್ಚಿದ ಹಾಳೆಗೆ ಟಿಕಳಿ ಹಚ್ಚಿದರಾಯಿತು.

ನಮೂನೆಗೆ ಮಷೀನ್ ಗಿಷೀನ್ ತರಬೇಡಿ. ಒಂದು ರಟ್ಟಿನ ಡಬ್ಬಿ, ತಳಕ್ಕೆ ದಪ್ಪ ಹಾಳೆ ಹಾಕಿದ ಒಂದು ಪಾಕೀಟು, ಸಣ್ಣ ಅಳತೆಯ ರೊಟ್ಟಿಯ ಇನ್ನೊಂದು ಪಾಕೀಟು. ಮೂರನ್ನೂ ಹುಬ್ಬಳ್ಳಿ ಬಸ್ಸಿಗೆ ಹಾಕಿ, ಇಳಿದ ಮೇಲೆ ಬಿಚ್ಚಿ, ಮುರಿದದ್ದನ್ನು ಎಣಿಸಿ. ಆಮೇಲೆ ಅಂಗಡಿಯಲ್ಲಿ ಸುಮ್ನೆ ನಿಂತು ನೋಡಿ. "ಹೆಂಗದ?" ಅಂತ ಕೇಳಿದರೆ ಎಲ್ಲರೂ "ಚೊಲೋ ಅದ" ಅನ್ನುತ್ತಾರೆ. ಗಿರಾಕಿ ಪಾಕೀಟು ತಿರುಗಿಸಿ ತಾರೀಖು ಹುಡುಕುತ್ತಾರಾ, ಬೆಲೆ ನೋಡಿ ಕೆಳಗಿಡುತ್ತಾರಾ, ಅದು ಮುಖ್ಯ.

ಇನ್ನೊಂದು ಮಾತು. ರೊಟ್ಟಿ ಬಡಿಯುವವರ ಕೈಯಲ್ಲೂ ನಮೂನೆ ಕೊಟ್ಟು ನೋಡಿ. ಡಬ್ಬಿ ತುಂಬಲು ಹೊತ್ತು ಜಾಸ್ತಿ ಹಿಡಿದು, ಕೂಲಿ ಮಾತ್ರ ರೊಟ್ಟಿ ಲೆಕ್ಕದಲ್ಲೇ ಉಳಿದರೆ ಅವರ ದುಡಿಮೆ ಇಳಿಯುತ್ತದೆ. ಆ ಡಬ್ಬಿ ಗಿರಾಕಿಗೆ ಎಷ್ಟೇ ಹಿಡಿಸಿದರೂ, ಕೂಲಿ ಏರಿಸದೆ ಅದನ್ನು ಒಪ್ಪಬೇಡಿ.

ಮಳೆಗಾಲದಲ್ಲಿ ರೊಟ್ಟಿ ಮೆತ್ತಗಾಗುತ್ತದಾ ಅನ್ನುವುದು ಮಾತ್ರ ಐದು ದಿನದಲ್ಲಿ ತಿಳಿಯುವುದಿಲ್ಲ. ಗೆದ್ದ ನಮೂನೆಯ ಕೆಲವು ಪಾಕೀಟುಗಳನ್ನು ಜುಲೈನಲ್ಲಿ ಅಂಗಡಿಯಲ್ಲೇ ಇಟ್ಟು, ವಾರಕ್ಕೊಂದು ಬಿಚ್ಚಿ ತಿಂದು ನೋಡಿ.