ನೆಟ್ಟ ಗಿಡಕ್ಕೆ ಮಕ್ಕಳು ನೀರು ಯಾಕೆ ಹಾಕಲ್ಲ?

ಪ್ರಶ್ನೆ: ಸರ್, ನಾನು ಹಾವೇರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರ ವಿಜ್ಞಾನ ಶಿಕ್ಷಕಿ. ಇಕೋ ಕ್ಲಬ್ಬನ್ನೂ ನನ್ನ ತಲೆಗೇ ಕಟ್ಟಿದ್ದಾರೆ. ಪ್ರತಿ ವರ್ಷ ಜೂನ್ 5ಕ್ಕೆ ಗಿಡ ನೆಡುತ್ತೇವೆ, ಫೋಟೊ ತೆಗೆದು ಮೇಲಕ್ಕೆ ಕಳಿಸುತ್ತೇವೆ. ಬೇಸಿಗೆ ರಜೆ ಮುಗಿಸಿ ಬಂದರೆ ಮುಕ್ಕಾಲು ಗಿಡ ಒಣಗಿರುತ್ತೆ. ಮಕ್ಕಳು ಪರಿಸರದ ಬಗ್ಗೆ ಭಾಷಣ ಮಾತ್ರ ಚೆನ್ನಾಗಿ ಮಾಡುತ್ತಾರೆ. ಬಿಸಿಯೂಟದ ಅನ್ನ ಚೆಲ್ಲುತ್ತಾರೆ, ನಾಯಿಗೆ ಕಲ್ಲು ಹೊಡೆಯುತ್ತಾರೆ. ಒಂಬತ್ತನೇ ಕ್ಲಾಸಿನವರಿಗಂತೂ ಯಾವಾಗಲೂ ಬೇಜಾರು, ಅವನ ಫೋನ್ ಹಂಗಿದೆ, ಇವಳ ಬಟ್ಟೆ ಹಿಂಗಿದೆ ಅಂತ. ಈಗ ಮನಸ್ಸಿನ ನೆಮ್ಮದಿ, ಕರುಣೆ, ಪರಿಸರ ಮೂರನ್ನೂ ಸೇರಿಸಿ ಏನಾದರೂ ಮಾಡಿ ಅಂದಿದ್ದಾರೆ. ಇವು ನಿಜವಾಗಿ ಸೇರುತ್ತವಾ ಅಥವಾ ಇದೂ ಇನ್ನೊಂದು ಫೋಟೊ ಕಾರ್ಯಕ್ರಮವಾ?

ಉತ್ತರ: ಸೇರುತ್ತವೆ ಮೇಡಂ. ಆದರೆ ಮೂರಕ್ಕೆ ಮೂರು ಪೀರಿಯಡ್ ಇಟ್ಟರೆ ಖಂಡಿತ ಫೋಟೊ ಕಾರ್ಯಕ್ರಮವೇ ಆಗುತ್ತೆ.

ಮೊದಲು ಆ ಬೇಜಾರಿನ ವಿಷಯ. ದುಡ್ಡು, ವಸ್ತು, ಅಂದಚೆಂದವೇ ಮುಖ್ಯ ಅಂದುಕೊಂಡವರಿಗೆ ನೆಮ್ಮದಿ ಕಡಿಮೆ ಇರುತ್ತೆ, ಪರಿಸರದ ಕಾಳಜಿಯೂ ಕಡಿಮೆ ಇರುತ್ತೆ ಅನ್ನೋದು ಅಮೆರಿಕದ ಮನಃಶಾಸ್ತ್ರಜ್ಞ ಟಿಮ್ ಕ್ಯಾಸರ್ ಮತ್ತು ಜೊತೆಗಾರರು ವರ್ಷಗಟ್ಟಲೆ ನಡೆಸಿದ ಅಧ್ಯಯನಗಳಲ್ಲಿ ಕಂಡಿದೆ. ಅಂದರೆ ಫೋನ್ ನೋಡಿ ಕೊರಗುವ ಹುಡುಗ ಮತ್ತು ಗಿಡಕ್ಕೆ ನೀರು ಹಾಕದ ಹುಡುಗ ಒಬ್ಬನೇ ಇರಬಹುದು. ಕೆನಡಾದ ಎಲಿಜಬೆತ್ ಡನ್ ಅವರ ತಂಡ 2008ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿತು. ಬೆಳಿಗ್ಗೆ ಕೆಲವರ ಕೈಗೆ 5 ಅಥವಾ 20 ಡಾಲರ್ ಕೊಟ್ಟು, ಅರ್ಧ ಜನಕ್ಕೆ ನಿಮಗೇ ಖರ್ಚು ಮಾಡಿಕೊಳ್ಳಿ, ಉಳಿದವರಿಗೆ ಬೇರೆಯವರಿಗೆ ಖರ್ಚು ಮಾಡಿ ಅಂದರು. ಸಂಜೆ ಕೇಳಿದಾಗ ಬೇರೆಯವರಿಗೆ ಖರ್ಚು ಮಾಡಿದವರೇ ಹೆಚ್ಚು ಖುಷಿಯಾಗಿದ್ದರು. ಸಿಕ್ಕಿದ್ದು 5 ಡಾಲರಾ 20 ಡಾಲರಾ ಅನ್ನೋದರಿಂದ ಏನೂ ವ್ಯತ್ಯಾಸ ಆಗಲಿಲ್ಲ. ಇದನ್ನು ಮಕ್ಕಳಿಗೆ ಪಾಠ ಮಾಡಬೇಡಿ, ನಿಮಗಷ್ಟೇ ಗೊತ್ತಿರಲಿ.

ನನ್ನ ಪ್ರಕಾರ ನಾವು ತಪ್ಪುತ್ತಿರೋದು ಕ್ರಮದಲ್ಲಿ. ಮೊದಲು ಮನಸ್ಸು ಶಾಂತ ಮಾಡೋಣ, ಆಮೇಲೆ ಕರುಣೆ ಹುಟ್ಟುತ್ತೆ, ಆಮೇಲೆ ಪರಿಸರ ಉಳಿಸುತ್ತಾರೆ ಅಂತ ಲೆಕ್ಕ ಹಾಕುತ್ತೇವೆ. ಮಕ್ಕಳಲ್ಲಿ ಅದು ಉಲ್ಟಾ ನಡೆಯುತ್ತೆ. 'ನಾನಿಲ್ಲದಿದ್ದರೆ ಇದು ಸಾಯುತ್ತೆ' ಅನ್ನುವಂಥದ್ದು ಒಂದು ಕೈಗೆ ಸಿಗಬೇಕು. ಅದರ ಮೇಲೆ ಅಕ್ಕರೆ ತಾನಾಗೇ ಬರುತ್ತೆ. ನನ್ನಿಂದ ಯಾರಿಗೋ ಉಪಯೋಗ ಇದೆ ಅನ್ನೋ ಸಮಾಧಾನ ಅದರ ಹಿಂದೆಯೇ ಬರುತ್ತೆ. ಜೂನ್ 5ಕ್ಕೆ ಇಲಾಖೆಯಿಂದ ಬಂದ ಗಿಡ ಯಾರದ್ದೂ ಅಲ್ವಲ್ಲ, ಅದಕ್ಕೇ ಅದಕ್ಕೆ ನೀರಿಲ್ಲ.

ಹಾಗಾಗಿ ಬೀಜದಿಂದ ಶುರು ಮಾಡಿ. ಶಾಲೆ ತೆರೆಯೋ ಹೊತ್ತಿಗೆ ಸರಿಯಾಗಿ ನೇರಳೆ ಹಣ್ಣು ಬಂದಿರುತ್ತೆ. ತಿನ್ನಲಿ, ನಾಲಿಗೆ ಚಾಚಿ ಯಾರದ್ದು ಜಾಸ್ತಿ ನೀಲಿ ಅಂತ ನೋಡಿಕೊಳ್ಳಲಿ, ಬೀಜ ಮಾತ್ರ ಎಸೆಯೋದು ಬೇಡ. ನೇರಳೆ ಬೀಜವನ್ನು ಒಣಗಿಸಿ ಎತ್ತಿಟ್ಟರೆ ಹುಟ್ಟಲ್ಲ, ತಿರುಳು ತೊಳೆದು ಒಂದೆರಡು ದಿನದಲ್ಲೇ ಹಾಕಬೇಕು. ಖಾಲಿ ಹಾಲಿನ ಪ್ಯಾಕೆಟ್ಟಿಗೆ ತಳದಲ್ಲಿ ಮೂರ್ನಾಲ್ಕು ತೂತು, ಕೆಂಪು ಮಣ್ಣು, ಒಂದು ಹಿಡಿ ಗೊಬ್ಬರ, ಅಷ್ಟು ಸಾಕು. ಎರಡು ವಾರದ ಆಸುಪಾಸಿಗೆ ಮೊಳಕೆ ಬರುತ್ತೆ. ಎಷ್ಟೋ ಸಲ ಒಂದೇ ಬೀಜದಿಂದ ಎರಡು ಮೂರು ಮೊಳಕೆ ಏಳುತ್ತೆ. 'ಟೀಚರ್, ನಂದು ಅವಳಿ-ಜವಳಿ' ಅಂತ ಓಡಿ ಬರುತ್ತಾರೆ ನೋಡಿ, ಅಲ್ಲಿಗೆ ನಿಮ್ಮ ಅರ್ಧ ಕೆಲಸ ಮುಗೀತು. ಏಪ್ರಿಲ್‌ನಲ್ಲಿ ರಜೆ ಬಿಟ್ಟಾಗ ಅವರವರ ಪ್ಯಾಕೆಟ್ ಅವರವರ ಮನೆಗೆ ಹೋಗಲಿ, ಜೂನ್‌ನಲ್ಲಿ ವಾಪಸ್ ಬರಲಿ. ನೆಡೋದು ಆಮೇಲೆ. ಕೆಲವು ಸಾಯುತ್ತವೆ, ಸಾಯಲಿ. ಸತ್ತ ಗಿಡದ ಮಗುವಿಗೆ ಬೈಯಬೇಡಿ, ಇನ್ನೊಂದು ಬೀಜ ಕೊಡಿ. ಇದಕ್ಕೆ ಅಂಕ, ಪ್ರಶಸ್ತಿ ಏನೂ ಬೇಡ. ಅಂಕ ಬಂತು ಅಂದರೆ ಗಿಡವೂ ಪಕ್ಕದವನ ಫೋನ್ ಥರ ಆಗಿಬಿಡುತ್ತೆ.

ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅವರ ಬಗ್ಗೆ ಮಕ್ಕಳಿಗೆ ಹೇಳುವಾಗ ಪದ್ಮಶ್ರೀಯಿಂದ ಶುರು ಮಾಡಬೇಡಿ. ಅಕ್ಷರ ಓದಲು ಬಾರದ ಆ ಹಾಲಕ್ಕಿ ಸಮುದಾಯದ ಅಜ್ಜಿ ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ಸೇರಿ ದಶಕಗಟ್ಟಲೆ ಬೀಜ ಆರಿಸಿದರು, ಸಸಿ ಬೆಳೆಸಿದರು. ಯಾವ ಬೀಜಕ್ಕೆ ತಾಯಿಮರ ಯಾವುದು ಅಂತ ಕಾಡಿನಲ್ಲಿ ಗುರುತಿಸುತ್ತಿದ್ದರು. ಅಲ್ಲಿಂದ ಶುರು ಮಾಡಿ.

ಇನ್ನು ಕರುಣೆ. ಅದನ್ನು ಹುಲಿ, ಹಿಮಕರಡಿ ಅಂತ ದೂರಕ್ಕೆ ಒಯ್ಯಬೇಡಿ. ಬಿಸಿಯೂಟದ ಅಡುಗೆ ಅಕ್ಕನ ಜೊತೆ ದಿನಾ ಇಬ್ಬಿಬ್ಬರು ಮಕ್ಕಳು ಒಂದರ್ಧ ಗಂಟೆ ಕೂತು ಸೊಪ್ಪು ಬಿಡಿಸಲಿ, ಅಕ್ಕಿ ಆರಿಸಲಿ. ಒಲೆ ಹತ್ತಿರ ಬೇಡ. ತಾವೇ ಕಲ್ಲು ಹೆಕ್ಕಿದ ಅನ್ನ ಚೆಲ್ಲೋಕೆ ಸ್ವಲ್ಪ ಕೈ ತಡೆಯುತ್ತೆ. ತಟ್ಟೆ ತೊಳೆದ ನೀರನ್ನು ಗಿಡಗಳ ಕಡೆ ತಿರುಗಿಸಿ. ಕಸ ಒಯ್ಯುವವರನ್ನೂ ಒಂದು ದಿನ ಶಾಲೆಗೆ ಕರೆಯಿರಿ, ಸನ್ಮಾನಕ್ಕಲ್ಲ, ಮಾತಾಡೋಕೆ. ಒಡೆದ ಗಾಜು ಹಸಿ ಕಸದ ಜೊತೆ ಸೇರಿದರೆ ಏನಾಗುತ್ತೆ ಅಂತ ಅವರ ಬಾಯಿಂದಲೇ ಕೇಳಲಿ. ಹಸಿ ಕಸ, ಒಣ ಕಸ ಬೇರೆ ಮಾಡಿ ಅಂತ ಗೋಡೆ ಮೇಲೆ ಬರೆದದ್ದು ಆಗ ಒಬ್ಬರ ಅಂಗೈಯ ವಿಷಯ ಆಗುತ್ತೆ. ಕಲ್ಲು ಹೊಡೆಯೋ ಹುಡುಗರಿಗೆ ನಾಯಿಗಳ ನೀರಿನ ಬಾನಿ ತುಂಬಿಸೋ ಕೆಲಸ ಕೊಟ್ಟು ನೋಡಿ.

ಆಗುತ್ತಾ ಇದೆಲ್ಲ ಅಂತ ಕೇಳಬಹುದು. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಊರವರು ಅವನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಾರೆ. ಹಾಗಂತ ಅವರಿಗೆ ಕಷ್ಟ ಇಲ್ಲ ಅಂತಲ್ಲ. ಗೂಡು ಕಟ್ಟಿದ ಮರದ ಹುಣಸೆ ಫಸಲು ಕೈಬಿಟ್ಟು ಹೋಗುತ್ತೆ, ಅದಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡೋ ಏರ್ಪಾಡೂ ಬಂತು. ಹಿಕ್ಕೆ ಗೊಬ್ಬರಕ್ಕೆ ಒದಗುತ್ತಿತ್ತು. ಪ್ರೀತಿಯೂ ಇದೆ, ಲೆಕ್ಕವೂ ಇದೆ. ಮಕ್ಕಳಿಗೆ ಎರಡನ್ನೂ ಹೇಳಿ, ಬರೀ ಪ್ರೀತಿ ಅಂದರೆ ನಂಬಲ್ಲ.

ಪ್ರಶ್ನೆ: ನಾನು ತುಮಕೂರಿನ ಪಿಯು ವಿದ್ಯಾರ್ಥಿ. ಹವಾಮಾನ ಬದಲಾವಣೆ ಸುದ್ದಿ ನೋಡಿದರೆ ಭಯ ಆಗುತ್ತೆ ಸರ್. ಪ್ಲಾಸ್ಟಿಕ್ ಬಾಟಲಿ ಬಿಟ್ಟಿದ್ದೇನೆ, ಫ್ರೆಂಡ್ಸ್ ನಗುತ್ತಾರೆ. ನಾನೊಬ್ಬ ಬಿಟ್ಟರೆ ಏನಾಗುತ್ತೆ?

ಉತ್ತರ: ನೀನೊಬ್ಬ ಬಿಟ್ಟರೆ ಭೂಮಿಗೆ ಹೆಚ್ಚೇನೂ ಆಗಲ್ಲ ಕಣಪ್ಪ, ಸುಳ್ಳು ಯಾಕೆ ಹೇಳಲಿ. ಆದರೂ ಬಾಟಲಿ ಬಿಟ್ಟಿರು, ಅದು ಒಳ್ಳೆಯದೇ. ಭಯ ಕಡಿಮೆ ಆಗಬೇಕಾದರೆ ಮಾತ್ರ ಜೊತೆ ಬೇಕು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿ ಕಡೆಯ ಹೆಂಗಸರು, ಗಂಡಸರು, ಹುಡುಗರು ಕಾಡಿಗೆ ನಡೆದು ಹೋಗಿ, ಕಡಿಯೋಕೆ ಬಿಡಲ್ಲ ಅಂತ ಮರಗಳನ್ನು ಅಪ್ಪಿಕೊಂಡು ನಿಂತರು. ಅಪ್ಪಿಕೋ ಚಳವಳಿ ಶುರುವಾಗಿದ್ದು ಹಾಗೆ. ಒಬ್ಬನೇ ಹೋಗಿ ಅಪ್ಪಿಕೊಂಡಿದ್ದರೆ ಎಳೆದು ಹಾಕಿರುತ್ತಿದ್ದರು. ನಗುವ ಗುಂಪಲ್ಲಿ ನಗದವರು ಇಬ್ಬರಾದರೂ ಇರುತ್ತಾರೆ, ಅವರನ್ನು ಹುಡುಕು. ಮೂವರೂ ಸೇರಿ ಕಾಲೇಜಲ್ಲಿ ಕುಡಿಯೋ ನೀರಿನ ಫಿಲ್ಟರ್ ಸರಿ ಮಾಡಿಸಿ ಅಂತ ಪ್ರಿನ್ಸಿಪಾಲರಿಗೆ ಅರ್ಜಿ ಕೊಡಿ. ಬಾಟಲಿ ಕೊಳ್ಳೋದು ತಾನಾಗೇ ಕಡಿಮೆ ಆಗುತ್ತೆ. ರಾತ್ರಿ ಸುದ್ದಿ ನೋಡೋದು ಬಿಡು. ನಿದ್ದೆಯೇ ಕೆಡುವಷ್ಟು ಭಯ ಇದ್ದರೆ ಮನೆಯಲ್ಲಿ ಹೇಳು, ಇಲ್ಲವೇ 14416ಕ್ಕೆ ಫೋನ್ ಮಾಡು. ಅದು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಆರನೇ ಕ್ಲಾಸಿನ ಮಗಳು ಹುಟ್ಟುಹಬ್ಬಕ್ಕೆ ಬಲೂನು, ಥರ್ಮೋಕೋಲ್ ಏನೂ ಬೇಡ ಅಂತ ಹಟ ಹಿಡಿದಿದ್ದಾಳೆ. ನೆಂಟರೆಲ್ಲ ಬರುತ್ತಾರೆ, ಮನೆ ಬಿಕೋ ಅನ್ನಲ್ವಾ? (ಒಬ್ಬ ತಾಯಿ, ಬೆಂಗಳೂರು)

ಉತ್ತರ: ಬಾಗಿಲಿಗೆ ಮಾವಿನ ತೋರಣ, ಒಳಗೆ ಎರಡು ಮೊಳ ಸೇವಂತಿಗೆ, ಊಟಕ್ಕೆ ಬಾಳೆಲೆ. ಇದು ಬಿಕೋ ಅನ್ನುತ್ತಾ? ಅತ್ತೆ ಬಲೂನು ತಂದೇಬಿಟ್ಟರೆ ಮಾತ್ರ ಮಗಳು ಅವರ ಮುಂದೆ ಭಾಷಣ ಬಿಗಿಯದ ಹಾಗೆ ನೋಡಿಕೊಳ್ಳಿ. ಪಾಪ, ಪ್ರೀತಿಯಿಂದ ತಂದಿರುತ್ತಾರೆ.