ಕನ್ಸರ್ವೇಟಿವ್ ಆದವನು ಫ್ರೀ ಮಾರ್ಕೆಟ್ ಪರ ಇರಲೇಬೇಕಾ? ಒಬ್ಬ ಪಾತ್ರೆ ಅಂಗಡಿಯವನ ಉತ್ತರ

ದೈವ ದೇವರು ಅಂತ ನಡ್ಕೊಂಡು ಬಂದ ಮನೆ, ನೀವು ಬಲಪಂಥೀಯ, ಹಾಗಾಗಿ ಫ್ರೀ ಮಾರ್ಕೆಟ್ ಮತ್ತು ಕಮ್ಮಿ ಟ್ಯಾಕ್ಸ್ ಪರ, ಆದ್ರೆ ಮಂಗಳೂರಲ್ಲಿ ಅಂಗಡಿ ಇಟ್ಟಿರುವ ಅಪ್ಪ ಮಾತ್ರ ಮಾರ್ಕೆಟ್ಟನ್ನು ಬೈತಾರೆ, ಅವರನ್ನು ಒಪ್ಪಿಸಿ ಅಂಗಡಿ ಆನ್‌ಲೈನ್‌ಗೆ ತರೋದು ಹೇಗೆ, ನಮ್ಮಂಥವರಿಗೆ ಯಾವ ಪಕ್ಷ ಸರಿ, ಇಷ್ಟೇ ಅಲ್ವಾ ನೀವು ಕೇಳಿದ್ದು. ಓದಿ ರಾತ್ರಿ ನಿದ್ದೆ ಬರ್ಲಿಲ್ಲ ಮಾರಾಯ್ರೆ. 2021ರಲ್ಲಿ ನಾನು ಇದೇ ಮಾತನ್ನು ನಮ್ಮ ಅಪ್ಪಯ್ಯನ ಮುಖದ ಮುಂದೆಯೇ ಹೇಳಿದ್ದೆ, "ನೀವು ಕಮ್ಯುನಿಸ್ಟರ ಹಾಗೆ ಮಾತಾಡ್ತೀರಿ" ಅಂತ. ಅವರು ಏನೂ ಹೇಳ್ಲಿಲ್ಲ, ಕೈಯಲ್ಲಿದ್ದ ಚೆಂಬು ಒರೆಸಿ ಶೆಲ್ಫಲ್ಲಿಟ್ಟು ಊಟಕ್ಕೆ ಹೋದರು.

ನಮ್ಮದು ಉಡುಪಿಯಲ್ಲಿ ಪಾತ್ರೆ ಅಂಗಡಿ. ಸ್ಟೀಲು, ಹಿತ್ತಾಳೆ, ತಾಮ್ರ. ಮದುವೆ, ಗೃಹಪ್ರವೇಶ, ದೇವಸ್ಥಾನದ ಬ್ರಹ್ಮಕಲಶ, ಭಜನಾ ಮಂದಿರದ ವಾರ್ಷಿಕೋತ್ಸವ, ಇದೇ ನಮ್ಮ ಸೀಸನ್. ಅಪ್ಪಯ್ಯ ಕೂರ್ತಿದ್ದ ಜಾಗದ ಪಕ್ಕದಲ್ಲಿ ಹೆಸರು ಕೊರೆಯುವ ಮಷಿನ್ ಒಂದು ಇತ್ತು, ಪೆನ್ನಿನ ಹಾಗೆ ಹಿಡಿದು ಪಾತ್ರೆ ಮೇಲೆ ಬರೆಯೋದು, ಝರ್ ಅಂತ ಸದ್ದು. ಯಾರು ಒಂದು ಹರಿವಾಣ ತಗೊಂಡ್ರೂ ಅದರ ಅಂಚಿಗೆ ಹೆಸರು, ತಾರೀಕು, ಯಾರ ನೆನಪಿಗೆ ಅಂತ ಕೊರೆದು ಕೊಡ್ತಿದ್ರು, ದುಡ್ಡಿಲ್ಲ. ಅಕ್ಷರ ಸಣ್ಣದು, ಸ್ವಲ್ಪ ಬಲಕ್ಕೆ ವಾಲಿದ ಹಾಗೆ. ವರ್ಷಕ್ಕೆರಡು ಸಲ ಕಲಾಯಿ ಹಾಕುವವರು ಬಂದು ಅಂಗಡಿ ಹಿಂದೆ ಒಲೆ ಹೂಡ್ತಿದ್ರು, ಊರವರ ಹಳೇ ಹಿತ್ತಾಳೆ ಪಾತ್ರೆ ಎಲ್ಲ ಅಲ್ಲಿಗೇ ಬರ್ತಿತ್ತು. ಮದುವೆಗೆ ತಗೊಂಡವರು ಮುಯ್ಯಿ ಬಂದ ಮೇಲೆ ದುಡ್ಡು ಕೊಡ್ತಿದ್ರು, ಪುಸ್ತಕದಲ್ಲಿ ಬರೆದಿಟ್ರೆ ಆಯ್ತು.

ನನ್ನ ಲೆಕ್ಕದಲ್ಲಿ ಅದೆಲ್ಲ ವೇಸ್ಟ್. ಬಿಕಾಂ ಮಾಡಿದ್ದೆ, ಬೆಂಗಳೂರಲ್ಲಿ ಆರು ವರ್ಷ ಕೆಲಸ ಮಾಡಿ ಲಾಕ್‌ಡೌನಲ್ಲಿ ಊರಿಗೆ ಬಂದವ. ಸರ್ಕಾರ ದೂರ ಇರ್ಬೇಕು, ಮಾರ್ಕೆಟ್ಟೇ ಒಳ್ಳೆಯದನ್ನು ಉಳಿಸಿ ಕೆಟ್ಟದನ್ನು ತೆಗೀತದೆ, ಇದೇ ನಮ್ಮ ಸಿದ್ಧಾಂತ ಅಂತ ಗಟ್ಟಿಯಾಗಿ ನಂಬಿದ್ದೆ.

ಈಗ ನನ್ನ ತಪ್ಪನ್ನು ಪೂರ್ತಿ ಬಿಡಿಸಿ ಹೇಳ್ತೇನೆ, ಯಾಕಂದ್ರೆ ನೀವು ಮಾಡ್ಲಿಕ್ಕೆ ಹೊರಟದ್ದು ಅದನ್ನೇ.

ನಮ್ಮ ಅಂಗಡಿ ಜಿಎಸ್‌ಟಿಯ ಕಾಂಪೊಸಿಷನ್ ಸ್ಕೀಮಲ್ಲಿತ್ತು. ಒಂದೂವರೆ ಕೋಟಿ ಒಳಗಿನ ವ್ಯಾಪಾರಿಗಳಿಗೆ ಅದು, ಟರ್ನೋವರ್ ಮೇಲೆ 1 ಪರ್ಸೆಂಟ್ ಕಟ್ಟಿ ಮುಗೀತು. ಗಿರಾಕಿಯಿಂದ ಟ್ಯಾಕ್ಸ್ ತಗೊಳ್ಳುವ ಹಾಗಿಲ್ಲ, ನಾವು ಖರೀದಿಗೆ ಕೊಟ್ಟ ಟ್ಯಾಕ್ಸ್ ವಾಪಸ್ ಸಿಗೋದಿಲ್ಲ, ಬೇರೆ ರಾಜ್ಯಕ್ಕೆ ಮಾರುವ ಹಾಗಿಲ್ಲ, ಆಗಿನ ರೂಲ್ಸ್ ಪ್ರಕಾರ ಆನ್‌ಲೈನ್ ಪ್ಲಾಟ್‌ಫಾರ್ಮಲ್ಲೂ ಮಾರುವ ಹಾಗಿಲ್ಲ. ನನಗೆ ಅದು ಪಂಜರ ಅಂತ ಕಂಡಿತು. ಪಾತ್ರೆಗಳಿಗೆ ಆಗ 12 ಪರ್ಸೆಂಟ್ ಟ್ಯಾಕ್ಸ್. 2021ರ ಆಗಸ್ಟ್ 1ಕ್ಕೆ ಹೊರಗೆ ಬಂದು ರೆಗ್ಯುಲರ್ ಆದೆ, ಅಂದ್ರೆ ಗಿರಾಕಿಯಿಂದ ಪೂರ್ತಿ ಟ್ಯಾಕ್ಸ್ ತಗೊಂಡು, ಖರೀದಿಗೆ ಕೊಟ್ಟದ್ದನ್ನು ಕಳೆದು ಕಟ್ಟುವ ಮಾಮೂಲಿ ಜಿಎಸ್‌ಟಿ, ದೇಶ ಪೂರ್ತಿ ಮಾರ್ತೇನೆ ಅಂತ.

ಹೀಗೆ ಬದಲಾಗುವಾಗ ಹಿಂದಿನ ದಿನ ಅಂಗಡಿಯಲ್ಲಿರುವ ಸ್ಟಾಕಿಗೆ, ಬಿಲ್ ಒಂದು ವರ್ಷಕ್ಕಿಂತ ಹಳೇದಾಗಿರದಿದ್ರೆ, ನಾವು ಕೊಟ್ಟ ಟ್ಯಾಕ್ಸನ್ನು ಕ್ರೆಡಿಟ್ ಆಗಿ ಪಡೀಬಹುದು, ಅಂದ್ರೆ ಮುಂದೆ ಕಟ್ಟುವ ಟ್ಯಾಕ್ಸಲ್ಲಿ ಅಷ್ಟನ್ನು ಕಳೀಬಹುದು. ಅದಕ್ಕೆ ಐಟಿಸಿ 01 ಅಂತ ಒಂದು ಫಾರ್ಮ್, 30 ದಿನದೊಳಗೆ ಹಾಕ್ಬೇಕು. ಬಿಲ್ಲಿಗೆ ಬಿಲ್ಲು, ಪಾತ್ರೆಗೆ ಪಾತ್ರೆ ತಾಳೆ ಹಾಕಿ ಪಟ್ಟಿ ಮಾಡ್ಬೇಕು. ಕ್ರೆಡಿಟ್ ಎರಡು ಲಕ್ಷ ದಾಟಿದ್ರೆ ಸಿಎ ಸರ್ಟಿಫಿಕೇಟೂ ಬೇಕು, ನಮ್ಮದು ಅಷ್ಟಿರಲಿಲ್ಲ. ಲೆಕ್ಕ ನೋಡುವವರು ಸ್ಟಾಕ್ ಲಿಸ್ಟ್ ಕೊಡಿ ಅಂತ ಒಮ್ಮೆ ಹೇಳಿದ್ರು. ಅಪ್ಪಯ್ಯ ಹೇಳಿದ್ರು, "ಬಾ, ಎರಡು ರಾತ್ರಿ ಕೂತು ಎಣಿಸುವ, ಯಾವುದು ಯಾವ ಬಿಲ್ಲಿನದ್ದು ಅಂತ ನಂಗೆ ಗೊತ್ತುಂಟು" ಅಂತ. ನಾನು ಬೇಡ ಅಂದೆ. ಹೊಸ ಸಾಫ್ಟ್‌ವೇರ್ ಹಾಕಿಸ್ತಿದ್ದೆ, ಅದರಲ್ಲೇ ಲಿಸ್ಟ್ ಬರ್ತದೆ ಅಂತ. ಸಾಫ್ಟ್‌ವೇರಿಗೆ ನಾನು ಹಾಕಿದ್ದು ಹೊಸ ಖರೀದಿ ಮಾತ್ರ. ಹಳೇದನ್ನು ನಾಳೆ ಮಾಡುವ, ನಾಡಿದ್ದು ಮಾಡುವ ಅಂತ ತಳ್ಳಿದೆ, ಆನ್‌ಲೈನ್‌ಗೆ ಫೋಟೋ ತೆಗೆಯೋದ್ರಲ್ಲೇ ಆಗಸ್ಟ್ ಹೋಯ್ತು, 30 ದಿನ ದಾಟಿತು.

ಅದರಿಂದ ಎಂತ ಆಯ್ತು ಅಂತ ಒಂದು ಕೊಡಪಾನದ ಲೆಕ್ಕದಲ್ಲಿ ಹೇಳ್ತೇನೆ. 800 ರೂಪಾಯಿ ಮಾಲು, 96 ರೂಪಾಯಿ ಟ್ಯಾಕ್ಸ್ ಕೊಟ್ಟು ತಂದದ್ದು. 1000ಕ್ಕೆ ಮಾರಿ ಅದರ ಮೇಲೆ 120 ಟ್ಯಾಕ್ಸ್ ತಗೊಂಡೆ. ಕ್ರೆಡಿಟ್ ಇದ್ದಿದ್ರೆ ಸರ್ಕಾರಕ್ಕೆ 24 ಕಟ್ಟಿದ್ರೆ ಸಾಕಿತ್ತು. ಇಲ್ಲದ್ದಕ್ಕೆ 120ನ್ನೂ ಕಟ್ಟಿದೆ, ಆ 96 ನನ್ನ ಲಾಭದಿಂದ ಹೋಯ್ತು, 200ರ ಲಾಭ 104 ಆಯ್ತು. ಹೀಗೆ ಹತ್ತು ಲಕ್ಷದ ಮಾಲಿಗೆ ಒಂದು ಲಕ್ಷದ ಇಪ್ಪತ್ತು ಸಾವಿರ. ಉಳಿದ 104ರಲ್ಲಿ ಪ್ಲಾಟ್‌ಫಾರ್ಮಿನ ಕಮಿಷನ್, ಪ್ಯಾಕಿಂಗ್, ಕೊರಿಯರ್. ಅದೇ ಕೊಡಪಾನವನ್ನು ಉತ್ತರದ ಕಡೆಯವರೊಬ್ಬರು ಎಲ್ಲ ಸೇರಿ 1050ಕ್ಕೆ ಹಾಕಿದ್ರು, ನಾನೂ ಇಳಿಸಿದೆ. ಒಂದು ಸಲ ವಾಪಸ್ ಬಂದ ಕೊಡಪಾನ ಬಿಚ್ಚಿದ್ರೆ ಸೊಂಟದ ಹತ್ರ ಹೆಬ್ಬೆರಳು ಹೋಗುವಷ್ಟು ತಗ್ಗು, ಒಳಗೆ ನೀರಿನ ಕಲೆ, ಯಾರೋ ಪೂಜೆಗೆ ಬಳಸಿ ವಾಪಸ್ ಮಾಡಿದ್ದು. ಅಪ್ಪಯ್ಯ ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು.

ಇತ್ತ ಅಂಗಡಿಯಲ್ಲಿ ನಾನು ಪುಸ್ತಕ ನಿಲ್ಲಿಸಿದ್ದೆ, ಹೆಸರು ಕೊರೆಯೋದಕ್ಕೆ ಅಕ್ಷರಕ್ಕಿಷ್ಟು ಅಂತ ರೇಟ್ ಹಾಕಿದ್ದೆ, ಕಲಾಯಿಯವರಿಗೆ ಜಾಗ ಇಲ್ಲ ಅಂದಿದ್ದೆ, ಅಲ್ಲಿ ಪ್ಯಾಕಿಂಗ್ ಡಬ್ಬ ಇಡ್ಬೇಕಿತ್ತಲ್ಲ. ಜನ ಜಗಳ ಮಾಡ್ಲಿಲ್ಲ, ಬರೋದು ನಿಲ್ಲಿಸಿದ್ರು ಅಷ್ಟೇ. 2023ರ ಏಪ್ರಿಲಿಗೆ ಮತ್ತೆ ಕಾಂಪೊಸಿಷನ್‌ಗೆ ವಾಪಸ್ ಬಂದೆ, ಬರುವಾಗ ಇದ್ದ ಸ್ಟಾಕಿಗೆ ತಗೊಂಡ ಕ್ರೆಡಿಟ್ಟನ್ನು ತಿರುಗಿ ಕಟ್ಟಬೇಕು, ಅದು ಐಟಿಸಿ 03, ಅದನ್ನೂ ಕಟ್ಟಿದೆ. ಹೋಗುವಾಗ ಸಿಗಬೇಕಾದದ್ದು ಸಿಗ್ಲಿಲ್ಲ, ಬರುವಾಗ ಕೊಡಬೇಕಾದದ್ದು ಕೊಡ್ಲೇಬೇಕಾಯ್ತು. ಅದೇ ವರ್ಷ ಅಕ್ಟೋಬರ್ 1ರಿಂದ ರೂಲ್ಸೇ ಬದಲಾಗಿ ಕಾಂಪೊಸಿಷನ್‌ನವರೂ ರಾಜ್ಯದೊಳಗೆ ಪ್ಲಾಟ್‌ಫಾರ್ಮಲ್ಲಿ ಮಾಲು ಮಾರಬಹುದು ಅಂತ ಆಯ್ತು.

ಈಗ ನಿಮ್ಮ ಸಿದ್ಧಾಂತದ ವಿಷಯ. ಕನ್ಸರ್ವೇಟಿವ್ ಅಂದ್ರೆ ಫ್ರೀ ಮಾರ್ಕೆಟ್ ಅಂತ ಹಿಡ್ಕೊಂಡಿದ್ದೀರಲ್ಲ, ಅದನ್ನೇ ನಾನು ಒಪ್ಪೋದಿಲ್ಲ. ಮಾರ್ಕೆಟ್ ಪರ ಅಷ್ಟು ವಾದ ಮಾಡಿದ ಅರ್ಥಶಾಸ್ತ್ರಜ್ಞ ಹಯೇಕ್ 1960ರಲ್ಲೇ ತಾನು ಕನ್ಸರ್ವೇಟಿವ್ ಅಲ್ಲ ಅಂತ ಬರೆದಿದ್ದಾರೆ, ಅವರಿಗೆ ಸ್ಪಷ್ಟ ಇತ್ತು, ನಮಗೆ ಇಲ್ಲ. ಬ್ರಿಟನ್ನಿನ ಟೋರಿಗಳು, ಅಂದ್ರೆ ಅಲ್ಲಿಯ ಕನ್ಸರ್ವೇಟಿವ್ ಪಕ್ಷದವರು, 1846ರಲ್ಲಿ ಧಾನ್ಯದ ಆಮದು ಸುಂಕ ತೆಗೆಯುವ ವಿಷಯಕ್ಕೇ ಒಡೆದು ಹೋದ್ರು, ಪ್ರಧಾನಿ ಪೀಲ್ ಒಂದು ಕಡೆ, ಡಿಸ್ರೇಲಿ ಇನ್ನೊಂದು ಕಡೆ. ನಮ್ಮಲ್ಲಿ ಜನಸಂಘದ ದೀನದಯಾಳ್ ಉಪಾಧ್ಯಾಯರು 1965ರ ಮುಂಬೈ ಭಾಷಣಗಳಲ್ಲಿ ಕಮ್ಯುನಿಸಂ ಜೊತೆ ಕ್ಯಾಪಿಟಲಿಸಂ ಅನ್ನೂ ಬೇಡ ಅಂದವರು. ಆರೆಸ್ಸೆಸ್ಸಿನ ದತ್ತೋಪಂತ ಠೇಂಗಡಿ 1955ರಲ್ಲಿ ಭಾರತೀಯ ಮಜ್ದೂರ್ ಸಂಘ ಅನ್ನುವ ಕಾರ್ಮಿಕ ಸಂಘಟನೆ ಕಟ್ಟಿದವರು, ತಮ್ಮದೇ ಕಡೆಯ ವಾಜಪೇಯಿ ಸರ್ಕಾರ ಬಂದ ಮೇಲೂ ಅದರ ಆರ್ಥಿಕ ನೀತಿಯನ್ನು ಬಿಡದೆ ವಿರೋಧಿಸಿದ್ರು. ಹಾಗಾಗಿ ನಿಮ್ಮ ಅಪ್ಪ ಕಮ್ಯುನಿಸ್ಟ್ ಅಲ್ಲ. ಮನೆಯಲ್ಲಿ ನಿಮಗಿಂತ ಗಟ್ಟಿ ಕನ್ಸರ್ವೇಟಿವ್ ಅವರೇ.

ನಮ್ಮ ಜಿಲ್ಲೆಗಳನ್ನೇ ನೋಡಿ. ಅಡಿಕೆ ಬೆಳೆಗಾರರತ್ರ ಹೋಗಿ ಮುಕ್ತ ಆಮದು ಬೇಕಾ ಅಂತ ಕೇಳಿ ನೋಡುವ. 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆ ಕಿಲೋಗೆ 251ರಿಂದ 351 ಮಾಡಿದಾಗ ಸಂತೋಷಪಟ್ಟವರೆಲ್ಲ ಎಡಪಂಥೀಯರಾ? 1970ರ ಸುಮಾರಿಗೆ ರೇಟ್ ಬಿದ್ದು ತೋಟದವರು ಸೋತು ಹೋದಾಗ ವಾರಣಾಸಿ ಸುಬ್ರಾಯ ಭಟ್ಟರು ಮುಂದೆ ನಿಂತು 1973ರಲ್ಲಿ ಮಂಗಳೂರಲ್ಲಿ ಕ್ಯಾಂಪ್ಕೋ ಕಟ್ಟಿದ್ರು. ಬೆಳೆಗಾರರೇ ಸದಸ್ಯರಾದ ಸಹಕಾರಿ, ಹಾಗೇ ಬಿಟ್ಟಿದ್ರೆ ಮಾರ್ಕೆಟ್ ಅದನ್ನು ಕಟ್ತಿರಲಿಲ್ಲ. ಬ್ಯಾಂಕುಗಳದ್ದೂ ಅದೇ ಕಥೆ. 1906ರಲ್ಲಿ ಮಂಗಳೂರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಕಾರ್ಪೊರೇಷನ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. 1928ರಿಂದ ಸಿಂಡಿಕೇಟಿನ ಪಿಗ್ಮಿಯವರು, ಅಂದ್ರೆ ದಿನದ ಉಳಿತಾಯ ಸಂಗ್ರಹ ಮಾಡುವವರು, ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ತಗೊಂಡು ಹೋಗ್ತಿದ್ರು. ಇವನ್ನು 1969 ಮತ್ತು 1980ರಲ್ಲಿ ಕಾಂಗ್ರೆಸ್ ಸರ್ಕಾರ ರಾಷ್ಟ್ರೀಕರಣ ಮಾಡಿತು, 2019ರಲ್ಲಿ ವಿಜಯಾ, 2020ರಲ್ಲಿ ಕಾರ್ಪೊರೇಷನ್ ಮತ್ತು ಸಿಂಡಿಕೇಟ್ ಬಿಜೆಪಿ ಸರ್ಕಾರದ ಕಾಲದಲ್ಲಿ ಬೇರೆ ಬ್ಯಾಂಕುಗಳಲ್ಲಿ ಸೇರಿ ಹೆಸರೇ ಹೋಯ್ತು. ಒಬ್ಬರು ಸಮಾಜವಾದ ಅಂದ್ರು, ಇನ್ನೊಬ್ಬರು ದಕ್ಷತೆ ಅಂದ್ರು. ಊರಿನವರು ಊರಿಗೋಸ್ಕರ ಕಟ್ಟಿದ್ದು ಎರಡೂ ಸಲ ಊರಿನ ಕೈ ಬಿಟ್ಟಿತು.

ಯಾವ ಪಕ್ಷ ಅಂದ್ರಲ್ಲ, ಮೂರು ಚುನಾವಣೆಗೆ ಬೂತಲ್ಲಿ ಕೂತವ ನಾನು, ಪಕ್ಷದ ಮೇಲೆ ದ್ವೇಷ ಇಲ್ಲ. ಆದ್ರೆ ಅಂಗಡಿಯ ವಿಷಯದಲ್ಲಿ ಯಾವ ಪಕ್ಷವನ್ನೂ ನಂಬಿ ಕೂರ್ಬೇಡಿ. 2011ರಲ್ಲಿ ಜಿಎಸ್‌ಟಿ ಮಸೂದೆ ತಂದದ್ದು ಯುಪಿಎ, ಆಗ ಬಿಜೆಪಿ ರಾಜ್ಯಗಳು ಬೇಡ ಅಂದವು, 2017ರಲ್ಲಿ ಜಾರಿ ಮಾಡಿದ್ದು ಅದೇ ಬಿಜೆಪಿ, ಆಮೇಲೆ ಬೈದದ್ದು ಕಾಂಗ್ರೆಸ್. 2012ರಲ್ಲಿ ವಿದೇಶಿ ಸೂಪರ್‌ಮಾರ್ಕೆಟಿಗೆ 51 ಪರ್ಸೆಂಟ್ ಬಿಟ್ಟಾಗ ಬೀದಿಗಿಳಿದ ಬಿಜೆಪಿಯವರೇ 2016ರಲ್ಲಿ ಆನ್‌ಲೈನ್ ಮಾರ್ಕೆಟ್‌ಪ್ಲೇಸಿಗೆ 100 ಪರ್ಸೆಂಟ್ ವಿದೇಶಿ ಹಣಕ್ಕೆ ದಾರಿ ಮಾಡಿದ್ರು. 2025ರ ಜುಲೈಯಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್ ಸರ್ಕಾರ ಇರುವಾಗ ಯುಪಿಐ ಲೆಕ್ಕ ನೋಡಿ ಸಣ್ಣ ಸಣ್ಣ ಅಂಗಡಿಯವರಿಗೂ ಜಿಎಸ್‌ಟಿ ನೋಟಿಸ್ ಬಂತು, ಗಲಾಟೆ ಆದ ಮೇಲೆ ಹಳೇ ಬಾಕಿ ವಸೂಲಿ ಮಾಡೋದಿಲ್ಲ, ರಿಜಿಸ್ಟರ್ ಆಗಿ ಅಂದ್ರು.

ಟ್ಯಾಕ್ಸ್ ಅಂದ್ರೆ ಕಳ್ಳತನ ಅಂತ ಪ್ರಶ್ನೆಯಲ್ಲಿ ಬರೆದಿದ್ದೀರಿ, ಅದು ಬೇಡ. ಪಣಂಬೂರಿನ ಬಂದರು, 1998ರಲ್ಲಿ ಪೂರ್ತಿ ಆದ ಕೊಂಕಣ ರೈಲು, ಇದನ್ನೆಲ್ಲ ಯಾವ ಸೇಠ್ ಕಟ್ಟಿದ್ದು? ನನ್ನ ಸಿಟ್ಟು ಬೇರೆ. ನಮ್ಮದು ಅಪ್ಪ ಮಗನ ಪಾರ್ಟ್‌ನರ್‌ಶಿಪ್. ನಮ್ಮ ಸಂಬಳ ಕಳೆದು ಉಳಿದ ಲಾಭದ ಮೇಲೆ ಇನ್‌ಕಮ್ ಟ್ಯಾಕ್ಸ್ 30 ಪರ್ಸೆಂಟ್, ಸೆಸ್ ಸೇರಿ 31.2. ಎಷ್ಟೇ ದೊಡ್ಡ ಕಂಪನಿ ಆದ್ರೂ ವಿನಾಯಿತಿಗಳನ್ನು ಬಿಟ್ಟುಕೊಟ್ರೆ 2019ರಿಂದ 22, ಎಲ್ಲ ಸೇರಿ 25.17. ಷೇರು ಹಿಡಿದವನ ಮುಖವೇ ನೋಡದ ಕಂಪನಿಗಿಂತ ಒಂದೇ ಗಲ್ಲಾಪೆಟ್ಟಿಗೆ ಹಿಂದೆ ಕೂತ ಅಪ್ಪ ಮಗ ಜಾಸ್ತಿ ದರದಲ್ಲಿ ಕಟ್ಟಬೇಕು. ಕುಟುಂಬ, ಸಂಸ್ಕೃತಿ ಅಂತ ಭಾಷಣ ಮಾಡುವ ಯಾವ ಪಕ್ಷವೂ ಇದರ ಬಗ್ಗೆ ಬಾಯಿ ಬಿಟ್ಟದ್ದು ನಾನು ಕೇಳಿಲ್ಲ. ನೀವು ಹೋರಾಡುವುದಾದ್ರೆ ಇದಕ್ಕೆ ಹೋರಾಡಿ.

ನನ್ನ ಕಣ್ಣು ತೆರೆಸಿದ್ದು 2024ರ ಜನವರಿ, ಪುತ್ತಿಗೆ ಮಠದ ಪರ್ಯಾಯದ, ಅಂದ್ರೆ ಉಡುಪಿ ಕೃಷ್ಣನ ಪೂಜೆಯ ಸರದಿ ವಹಿಸಿಕೊಳ್ಳುವಾಗಿನ, ಹೊರೆಕಾಣಿಕೆ. ಅಕ್ಕಿ, ತೆಂಗಿನಕಾಯಿ, ತರಕಾರಿ, ಊರೂರಿನಿಂದ ಗಾಡಿ ಬರ್ತಾ ಇತ್ತು. ಅದಕ್ಕೆ ರೇಟೂ ಇಲ್ಲ, ನೋಟಿಸೂ ಇಲ್ಲ, ಜನ ತಾವಾಗೇ ಹೊತ್ತು ತರ್ತಾರೆ. ರಸ್ತೆ ಬದಿಯಲ್ಲಿ ನಿಂತು ನೋಡ್ತಾ ಇದ್ದಾಗ ಹಳೇ ಗಿರಾಕಿ ಹೆಂಗಸೊಬ್ಬರು ಸಿಕ್ಕಿ ಕೇಳಿದ್ರು, "ಅಪ್ಪಯ್ಯ ಈಗ ಹೆಸರು ಬರೆಯೋದಿಲ್ವಾ?" ಅಂತ. ಅವರ ಗಂಡನ ವರ್ಷಾಂತಿಕಕ್ಕೆ ದೇವಸ್ಥಾನಕ್ಕೆ ಕೊಡುವ ದೀಪ ಬೇರೆ ಕಡೆ ತಗೊಂಡಿದ್ರಂತೆ, ಹೆಸರು ಬರೆಸ್ಲಿಕ್ಕೆ ಆಗ್ಲಿಲ್ಲಂತೆ. ಮರುದಿನ ಅವರು ಆ ದೀಪವನ್ನೇ ತಂದ್ರು. ನಾನು ಮಷಿನಿನ ಧೂಳು ಒರೆಸಿ ಅಪ್ಪಯ್ಯನ ಕೈಗೆ ಕೊಟ್ಟೆ. ಕೈ ಈಗ ಸ್ವಲ್ಪ ನಡುಗ್ತದೆ, ಅಕ್ಷರ ಮೊದಲಿಗಿಂತ ಜಾಸ್ತಿ ವಾಲಿತು. ಅವರು ಅದನ್ನು ಸೆರಗಲ್ಲಿ ಒರೆಸಿ ಎರಡು ಸಲ ಓದಿದ್ರು. ಪುಸ್ತಕವನ್ನೂ ಆ ತಿಂಗಳೇ ಮತ್ತೆ ತೆರೆದೆ. ಅಕ್ಷರಕ್ಕೆ ರೇಟ್ ಇಲ್ಲ. ವ್ಯಾಪಾರ ಹಳೇ ಮಟ್ಟಕ್ಕೆ ಇನ್ನೂ ಬಂದಿಲ್ಲ.

ಆನ್‌ಲೈನ್ ಬೇಡವೇ ಬೇಡ ಅಂತ ನಾನು ಹೇಳೋದಿಲ್ಲ. ಅಪ್ಪನನ್ನು ಒಪ್ಪಿಸುವ ಉಪಾಯ ಮಾತ್ರ ಕೇಳ್ಬೇಡಿ, ನಂಗೆ ಗೊತ್ತಿಲ್ಲ, ಒಪ್ಪಿಸಬಾರದು ಅಂತಲೇ ನನ್ನ ಅಭಿಪ್ರಾಯ. ಅವರು ಯಾವುದಕ್ಕೆಲ್ಲ ದುಡ್ಡು ತಗೊಳ್ತಿಲ್ಲ ಅಂತ ಮೊದಲು ಒಂದು ತಿಂಗಳು ಅಂಗಡಿಯಲ್ಲಿ ಕೂತು ನೋಡಿ. ಕಾಂಪೊಸಿಷನ್ ಆಗಿದ್ರೆ ಈಗ ಅದರಲ್ಲಿದ್ದುಕೊಂಡೇ ಕರ್ನಾಟಕದೊಳಗೆ ಆನ್‌ಲೈನಲ್ಲಿ ಮಾರಿ ನೋಡಬಹುದು. ಅಷ್ಟಾದ ಮೇಲೂ ರೆಗ್ಯುಲರ್ ಆಗ್ಲೇಬೇಕು ಅಂತಿದ್ರೆ ಏಪ್ರಿಲ್ 1ಕ್ಕೆ ಆಗಿ, ಮಾರ್ಚ್ 31ರ ರಾತ್ರಿ ಶಟರ್ ಎಳೆದು ಸ್ಟಾಕ್ ಎಣಿಸಿ, 30 ದಿನ ಕಾಯದೆ ಮೊದಲ ವಾರವೇ ಐಟಿಸಿ 01 ಹಾಕಿ. ಎಣಿಸುವಾಗ ಅಪ್ಪ ಪಕ್ಕದಲ್ಲಿರಲಿ, ಯಾವ ಮಾಲು ಯಾವ ಬಿಲ್ಲಿನದ್ದು ಅಂತ ಅವರಿಗೆ ಗೊತ್ತಿರ್ತದೆ.