ಜರ್ಮನಿಯ ಸಹೋದ್ಯೋಗಿಗಳ ಜೊತೆ ಹೊಂದಿಕೊಂಡು ಕೆಲಸ ಮಾಡುವುದು ಹೇಗೆ?

ಬೆಂಗಳೂರಿನಲ್ಲಿ ಕೂತು ಜರ್ಮನ್ ತಂಡದ ಜೊತೆ ಕೆಲಸ ಮಾಡುವವರು ಮೊದಲು ಬಿಡಬೇಕಾದದ್ದು ನಮ್ಮ 'ಆಯ್ತು, ನೋಡೋಣ'. ನಮಗದು ಎಷ್ಟೋ ಸಲ ಮರ್ಯಾದೆಯ 'ಇಲ್ಲ'. ಅವರು ಅದನ್ನು ಒಪ್ಪಿಗೆ ಅಂತಲೇ ಬರೆದುಕೊಳ್ಳುತ್ತಾರೆ. ನಾನೂ ಒಮ್ಮೆ, ಶುಕ್ರವಾರಕ್ಕೆ ಆಗಲ್ಲ ಅಂತ ಗೊತ್ತಿದ್ದೂ, 'ಪ್ರಯತ್ನ ಮಾಡ್ತೀನಿ' ಅಂದಿದ್ದೆ. ಆ ದಿನ ಅವರು ಟೆಸ್ಟಿಂಗ್‌ಗೆ ಇಬ್ಬರನ್ನು ಕೂರಿಸಿಕೊಂಡು ಕಾಯುತ್ತಿದ್ದರು. ಬೈಯಲಿಲ್ಲ. 'ಬುಧವಾರವೇ ಯಾಕೆ ಹೇಳಲಿಲ್ಲ?' ಅಂತ ಕೇಳಿದರು, ಅಷ್ಟೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ 'ಶುಕ್ರವಾರ ಆಗಲ್ಲ, ಮಂಗಳವಾರ ಕೊಡ್ತೀನಿ' ಅಂತ ನೇರವಾಗಿ ಬರೆಯುತ್ತೇನೆ. ಇದುವರೆಗೆ ಯಾರೂ ಬೇಜಾರು ಮಾಡಿಕೊಂಡಿಲ್ಲ.

ಹಾಗೆಯೇ, ಮೀಟಿಂಗ್‌ನಲ್ಲಿ ಎಲ್ಲರೆದುರು 'ಇದು ತಪ್ಪು' ಅಂದರೆ ಸಾಮಾನ್ಯವಾಗಿ ಅದು ಕೋಡ್ ಬಗ್ಗೆ, ನಿಮ್ಮ ಬಗ್ಗೆ ಅಲ್ಲ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ವಿಡಿಯೋ ಕಾಲ್‌ನಲ್ಲಿ ನಾವು ತಲೆ ಅಡ್ಡಡ್ಡ ತೂಗುವುದು ಅವರಿಗೆ ಅರ್ಥವಾಗುವುದಿಲ್ಲ, ಬಾಯಲ್ಲಿ ಹೇಳಿಬಿಡಿ.

ಸಮಯದ ಲೆಕ್ಕವೂ ನೆನಪಿರಲಿ: ಬೇಸಿಗೆಯಲ್ಲಿ ನಾವು ಮೂರೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಅವರ ಗಡಿಯಾರ ಬದಲಾಗುತ್ತದೆ. ಚಳಿಗಾಲದಲ್ಲಿ ನೀವು ಬೆಳಿಗ್ಗೆ 10ಕ್ಕೆ ಮೀಟಿಂಗ್ ಇಟ್ಟರೆ ಅಲ್ಲಿನ್ನೂ 5.30, ಕತ್ತಲೆ.